ಗೋದಲಿಗೆ ಬಿತ್ತಿದ ಭತ್ತ

ಕಾಯುವ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬ ಒಂದು ಕಾಲದಲ್ಲಿ ನನಗಿತ್ತು. ಐವತ್ತರ ದಶಕದಲ್ಲಿ ನಾನು ಸುಳ್ಯ ಪೇಟೆಯಲ್ಲಿ ಬಸ್ ಏಜೆಂಟನಾಗಿದ್ದೆ. ಪುತ್ತೂರಿನಿಂದ ಬರಬೇಕಾದ ಬಸ್ಸು ದಾರಿಯಲ್ಲೆಲ್ಲೋ ಹೊಗೆ ಕಾರುತ್ತ ನಿಂತಿದ್ದರೂ, "ಈಗ ಬರ್ತದೆ ಮಾರಾಯ್ರೆ, ಕೂತ್ಕೊಳ್ಳಿ" ಎಂದು ಜನರನ್ನು ಬೆಂಚಿನ ಮೇಲೆ ಹಿಡಿದಿಡುವುದೇ ನನ್ನ ಉದ್ಯೋಗ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲಿ ಪಾದ್ರಿಗಳು "ಭರವಸೆಯಿಂದ ಕಾಯಿರಿ" ಎಂದು ಪ್ರಸಂಗ ಮಾಡಿದಾಗ, ಇದನ್ನು ನನಗೂ ಹೇಳಿಕೊಡಬೇಕೇ ಎಂದು ಮೀಸೆ ತಿರುವುತ್ತಿದ್ದೆ.

ಒಂದು ವರ್ಷ ಕೊಯ್ಲು ಮುಗಿದ ಸ್ವಲ್ಪ ದಿನಕ್ಕೇ ಅಪ್ಪ ತೀರಿಕೊಂಡರು. ನಮ್ಮ ಮನೆಯಲ್ಲಿ ಬಾಲಯೇಸುವಿನ ಗೋದಲಿ ಕಟ್ಟುತ್ತಿದ್ದವರು ಅವರೇ. ಆಗಮನ ಕಾಲ ಬಂತೆಂದರೆ ತೆಂಗಿನ ಗೆರಟೆಗಳಲ್ಲಿ ಮಣ್ಣು ತುಂಬಿ ಭತ್ತ ಬಿತ್ತುವರು. ಹಬ್ಬದ ಹೊತ್ತಿಗೆ ಮೊಳೆತ ಹಸುರು ಗೋದಲಿಯ ಸುತ್ತ ಪುಟ್ಟ ಗದ್ದೆಯಾಗುತ್ತಿತ್ತು. ಈ ಸಲ ಅಮ್ಮ ಕಡ್ಡಿ ಮುರಿದಂತೆ ಹೇಳಿದರು: "ಗೋದಲಿ ಬೇಡ. ಯಾರಿಗೆ ಅಂತ ಕಟ್ಟುದು?" ಅಪ್ಪ ಹೋದ ಮೇಲೆ ಅವರು ನಕ್ಕದ್ದಿಲ್ಲ, ಸರಿಯಾಗಿ ಉಂಡದ್ದೂ ಇಲ್ಲ. ಹಬ್ಬವೂ ಹೀಗೆಯೇ ಕಳೆದರೆ ಅಮ್ಮನೂ ನಮ್ಮ ಕೈತಪ್ಪಿ ಹೋಗುತ್ತಾರೆಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ನಾನೇ ಬಿತ್ತುತ್ತೇನೆ ಎಂದು ಹಟ ಹಿಡಿದೆ.

"ಬಿತ್ತು. ಹುಲ್ಲು ಬಂದ್ರೆ ಕಟ್ಟುವ. ಬಾರದಿದ್ರೆ ಮತ್ತೆ ಆ ಸುದ್ದಿ ತೆಗೀಬಾರ್ದು" ಎಂದು ಅಮ್ಮ ಒಳಗೆ ಹೋದರು.

ಜಗಲಿಯಲ್ಲಿದ್ದ ಗೋಣಿಯಿಂದ ಭತ್ತ ತೆಗೆದು ಬಿತ್ತಿದೆ. ಬೆಳಗಾದರೆ ಶಿಲುಬೆಯ ಗುರುತು ಮಾಡಿ ನೀರು ಚಿಮುಕಿಸುವುದು, ಬಗ್ಗಿ ನೋಡುವುದು, ಬೆನ್ನು ಹಿಡಿದುಕೊಂಡು ಏಳುವುದು. ಅಪ್ಪನ ಕಾಲದಲ್ಲಿ ವಾರದೊಳಗೆ ತಲೆಯೆತ್ತುತ್ತಿದ್ದ ಮೊಳಕೆಯ ಸುಳಿವೇ ಇಲ್ಲ. "ಎಂತ ಮಾರಾಯ್ರೆ, ಇದು ನಿಮ್ಮ ಬಸ್ಸಲ್ಲಿ ಬರುದಾ?" ಎಂದು ಹೆಂಡತಿ ಸಿಸಿಲಿ ಕೇಳಿದಳು. ವಿಶ್ವಾಸದ ಕುರಿತು ಅವಳಿಗೆ ಒಂದು ಪ್ರಸಂಗವನ್ನೇ ಕೊಟ್ಟೆ. ಒಳಗೊಳಗೆ ಮಾತ್ರ ದೇವರೊಡನೆ ಜಗಳಕ್ಕೇ ನಿಂತಿದ್ದೆ. ಅಪ್ಪನನ್ನಂತೂ ಕೊಂಡುಹೋದಿರಿ, ನಾಲ್ಕು ಎಸಳು ಹುಲ್ಲಿಗೂ ನಿಮಗೆ ಬಡತನವೇ ಎಂದು ಕೇಳಿದ್ದೆ.

ಹಬ್ಬ ಹತ್ತಿರವಾದ ಒಂದು ಬೆಳಿಗ್ಗೆ ನೋಡುತ್ತೇನೆ, ಗೆರಟೆಗಳ ತುಂಬ ಹಸುರು! ನಾನು ಕೂಗಿದ ಕೂಗಿಗೆ ಕೋಳಿಗಳು ಹಟ್ಟಿಯ ಮಾಡು ಹತ್ತಿದವು. ಸಿಸಿಲಿಯ ಎದುರು ಎದೆಯುಬ್ಬಿಸಿ ನಡೆದೆ. ಗೋದಲಿ ಕಟ್ಟಿದೆವು. ಅದನ್ನು ನೋಡಲು ಬಂದ ಪಾದ್ರಿಗಳಿಗೆ ನನ್ನ ವಿಶ್ವಾಸದ ಮಹಿಮೆಯನ್ನು ವರ್ಣಿಸುತ್ತಿದ್ದಾಗ ಅಮ್ಮ ಕಾಫಿ ಹಿಡಿದುಕೊಂಡು ಬಂದರು.

"ಪಾದ್ರಿಗಳೇ, ಇವ ಬಿತ್ತಿದ್ದು ಎಂತ ಗೊತ್ತುಂಟಾ? ಕುಚ್ಚಲಕ್ಕಿ ಮಾಡ್ಲಿಕ್ಕೆ ಬೇಯಿಸಿ ಒಣಗಿಸಿದ ಭತ್ತ! ಬೆಂದ ಭತ್ತಕ್ಕೆ ದಿನಾ ಪ್ರಾರ್ಥನೆ, ನೀರು! ನೋಡಿ ನೋಡಿ ನನಗೆ ತಡೀಲಿಕ್ಕಾಗ್ಲಿಲ್ಲ. ಇವ ಪೇಟೆಗೆ ಹೋದಾಗ ಅಟ್ಟದಿಂದ ಬೀಜದ ಮುಡಿ ಇಳಿಸಿ ಬಿಚ್ಚಿ, ಗೆರಟೆಗಳಿಗೆ ಅದನ್ನು ಬಿತ್ತಿದೆ."

ನಾನು ಕತ್ತೆತ್ತಿ ಅಟ್ಟದ ಕಡೆ ನೋಡಿದೆ. ಕೊನೆಯ ಕೊಯ್ಲಿನ ಬೀಜವನ್ನು ಬೈಹುಲ್ಲಿನಲ್ಲಿ ಬಿಗಿದು ಅಪ್ಪ ತಮ್ಮ ಕೈಯಾರೆ ಕಟ್ಟಿದ ಮುಡಿ ಅದು. ಅದನ್ನು ಮುಟ್ಟಲು ಅಮ್ಮ ಯಾರಿಗೂ ಬಿಟ್ಟಿರಲಿಲ್ಲ.

"ಉಳಿದದ್ದನ್ನು ಮಳೆ ಬಂದ ಕೂಡ್ಲೆ ಗದ್ದೆಗೆ ಹಾಕುವ. ಕಟ್ಟಿಟ್ಟು ಎಂತ ಮಾಡುದು?" ಎಂದ ಅಮ್ಮ ನನ್ನ ಮುಖ ನೋಡಿದರು. ಮರುಕ್ಷಣ ಕಾಫಿ ಚೆಲ್ಲುವಂತೆ ನಕ್ಕರು. ಪಾದ್ರಿಗಳೂ ನಕ್ಕರು, ಸಿಸಿಲಿಯಂತೂ ನೆಲದ ಮೇಲೇ ಕೂತಳು. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ನಾನು ಗೆದ್ದಿದ್ದೆ. ಅಮ್ಮ ಹೀಗೆ ನಗುವುದಾದರೆ ಪ್ರತಿವರ್ಷವೂ ಪೆದ್ದನಾಗಲು ಸಿದ್ಧ ಎಂದೆ. ಅದಕ್ಕೆ ನೀವು ವಿಶೇಷ ಶ್ರಮ ಪಡಬೇಕಾಗಿಲ್ಲ ಎಂದಳು ಸಿಸಿಲಿ.