ಮಲ್ಲಿಗೆ ಜಾರುವ ಮುಡಿ

ಅರ್ಥ ತಿಳಿಯದ ಪದ ಎದುರಾದರೆ ತಿಳಿದವರನ್ನು ಕೇಳಬೇಕು. ಇಷ್ಟು ಬುದ್ಧಿ ಐದನೇ ಕ್ಲಾಸಿಗೇ ಓದು ಬಿಟ್ಟವನಿಗೂ ಇರುತ್ತದೆ. ನನ್ನ ಕಷ್ಟವೆಂದರೆ, ನನಗೆ ಅರ್ಥ ತಿಳಿದಿತ್ತು. ತಿಳಿದದ್ದು ತಪ್ಪು ಎಂಬುದೊಂದೇ ತಿಳಿದಿರಲಿಲ್ಲ.

ಐವತ್ತರ ದಶಕದ ಕೊನೆ. ಮದ್ರಾಸಿನ ಪುರಸೈವಾಕ್ಕಂನಲ್ಲಿ ನಮ್ಮ ಮನೆ. ಅಣ್ಣ ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತ, ಹಳೆಗನ್ನಡವೆಂದರೆ ಪ್ರಾಣ. ಊಟ ಬಿಟ್ಟಾನು, ಒಂದು ಪದದ ವಿಷಯದಲ್ಲಿ ಸುಳ್ಳು ಹೇಳಲಾರ. ತಂಗಿ ಕಮಲಳ ನಿಶ್ಚಿತಾರ್ಥಕ್ಕೆ ಅವನೇ ಒಂದು ಹಾಡು ಕಟ್ಟಿದ. ಹಾಡುವ ಕೆಲಸ ನನ್ನದು. ದೇವರು ನನಗೆ ಅಕ್ಷರದ ಬದಲು ಕಂಠ ಕೊಟ್ಟಿದ್ದ. ಹಾಡಿನಲ್ಲೊಂದು ಕಡೆ ‘ಮಲ್ಲಿಗೆ ನಾರುವ ಮುಡಿಯವಳೆ’ ಎಂದಿತ್ತು. ನಾರುವುದು ನಮ್ಮ ಬೀದಿಯ ಚರಂಡಿಯ ಕೆಲಸ. ಬೀಗರೋ ಮೂರು ತಲೆಮಾರಿನಿಂದ ಮದ್ರಾಸಿನವರು. ತಮಿಳಿನಲ್ಲಿ ‘ನಾತ್ತಂ’ ಎಂದರೂ ಮೂಗು ಮುಚ್ಚಿಕೊಳ್ಳಬೇಕು. ಅಣ್ಣನನ್ನು ಕೇಳೋಣವೆಂದರೆ, ಹಿಂದೊಮ್ಮೆ ಕೇಳಿದ್ದಕ್ಕೆ “ನಿಂಗ್ಯಾಕೋ ಅದೆಲ್ಲ, ರಾಗ ನೋಡ್ಕೋ ಸಾಕು” ಎಂದಿದ್ದ. ಆ ಬಿಂಕಕ್ಕೆ ನಾನೂ ಬಾಯಿ ಬಿಗಿದುಕೊಂಡೆ.

ಇದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಟೈಫಾಯಿಡ್ ಬಂದು ಹೋದಮೇಲೆ ಕಮಲಳ ತಲೆಯಲ್ಲಿ ಕೂದಲೇ ನಿಂತಿರಲಿಲ್ಲ. ನಿಶ್ಚಿತಾರ್ಥದ ದಿನದ ಉದ್ದ ಜಡೆಯಲ್ಲಿ ಮುಕ್ಕಾಲು ಪಾಲು ಚೌರಿ. ಹಿಂದೆ ಬಂದ ಒಂದು ಸಂಬಂಧ ಈ ಕಾರಣಕ್ಕೇ ಮುರಿದಿತ್ತು. ಅದಕ್ಕೇ ಅಮ್ಮ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದಳು.

ಹಾಡು ಶುರುವಾಯಿತು. ಆ ಸಾಲು ಹತ್ತಿರ ಬಂತು. ಪ್ರಾಸ ಕೆಡಬಾರದು, ತಂಗಿ ನಾರಬಾರದು. ಬಾಯಿಗೆ ಬಂದದ್ದನ್ನು ಹಾಡಿಬಿಟ್ಟೆ: ‘ಮಲ್ಲಿಗೆ ಜಾರುವ ಮುಡಿಯವಳೆ!’

ಬೀಗಿತ್ತಿ ಕಾಫಿ ಲೋಟ ಕೆಳಗಿಟ್ಟರು. “ಏನದು, ಮುಡಿಯಿಂದ ಹೂವು ಜಾರತ್ತಾ? ಚೌರಿ ಗೀರಿ ಏನೂ ಇಲ್ಲ ತಾನೇ? ಏಮ್ಮಾ, ಕೊಂಚ ತಿರುಗು, ನೋಡೋಣ.”

ಕಮಲ ಗೋಡೆಗೆ ಇನ್ನಷ್ಟು ಅಂಟಿಕೊಂಡಳು. ಅಣ್ಣ ನನ್ನನ್ನೊಮ್ಮೆ, ಕಮಲಳನ್ನೊಮ್ಮೆ ನೋಡಿ ಕೆಮ್ಮಿ, ಬೀಗಿತ್ತಿಯ ಕಡೆ ತಿರುಗಿದ. “ಅದು ಹಳೆಗನ್ನಡದ ಜಾರು, ಅಮ್ಮಾ. ಜಾರೋದು ಅಂದ್ರೆ ಘಮಘಮಿಸೋದು. ಹಳೇ ಕಾವ್ಯಗಳಲ್ಲಿ ಬೇಕಾದಷ್ಟು ಕಡೆ ಇದೆ.”

ಬೀಗರು ಕನ್ನಡಕ ಸರಿಮಾಡಿಕೊಂಡರು. “ಆಮಾ ಆಮಾ, ಇದೆ. ನಾನೇ ಓದಿದೀನಿ. ನಿಂಗೇನೇ ಗೊತ್ತು, ಸುಮ್ನೆ ಕೂತ್ಕೋ” ಎಂದು ಹೆಂಡತಿಯನ್ನು ಗದರಿದರು. ತಾಂಬೂಲ ಬದಲಾಯಿಸಿಕೊಂಡದ್ದೂ ಆಯಿತು.

ಅವರು ಹೋದಮೇಲೆ ಅಣ್ಣ ಊಟಕ್ಕೆ ಏಳಲಿಲ್ಲ. “ಹಳಬರು ಬರೆದದ್ರಲ್ಲಿ ಹೂವೂ ನಾರತ್ತೆ ಕಣೋ, ಗಂಧವೂ ನಾರತ್ತೆ. ವಾಸನೆ ಒಳ್ಳೇದಾಗ್ಲಿ, ಕೆಟ್ಟದ್ದಾಗ್ಲಿ, ಪದ ಒಂದೇ. ಬರೀ ಕೆಟ್ಟದ್ದಕ್ಕೆ ಅಂತಾಗಿದ್ದು ಆಮೇಲೆ” ಎಂದ. ಬೈಯಲಿಲ್ಲ, ಬೈದಿದ್ದರೆ ನಾನಾದರೂ ಉಣ್ಣುತ್ತಿದ್ದೆ.

ಮದುವೆಯಾಯಿತು, ಕಮಲಳ ಕೂದಲೂ ಬೆಳೆಯಿತು. ಬೀಗರು ಮಾತ್ರ ಆ ಪದವನ್ನು ಬಿಟ್ಟಿಲ್ಲ. ಮನೆಗೆ ಬಂದಾಗಲೆಲ್ಲ ಲೋಟವನ್ನು ಮೂಗಿನ ಹತ್ತಿರ ಹಿಡಿದು, “ಆಹಾ, ಕಾಫಿ ಏನು ಜಾರ್ತಿದೆ!” ಎನ್ನುತ್ತಾರೆ. ಅಣ್ಣ ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಾನೆ. ನಾನು, “ಹೌದು ಮಾವ, ಬಹಳ ಜಾರ್ತಿದೆ, ಇನ್ನೊಂದು ಲೋಟ ತರ್ತೀನಿ” ಎಂದು ಅಡಿಗೆಮನೆಗೆ ಜಾರುತ್ತೇನೆ, ಅಚ್ಚ ಹೊಸಗನ್ನಡದ ಅರ್ಥದಲ್ಲಿ.