ಮೇಲಿನ ಮುಂದಿನ ಸೀಟು

ಊರು ನೋಡಲು ಹೊರಟವರಿಗೆ ಊರು ಕಾಣುತ್ತದೋ ಇಲ್ಲವೋ, ಊರಿನವರಿಗಂತೂ ನಾವು ಚೆನ್ನಾಗಿ ಕಾಣುತ್ತೇವೆ. ನಮ್ಮ ಗುಂಪು ಎಲ್ಲಿಗೆ ಹೋದರೂ ಇದೇ ಕಥೆ. ನಯಾಗರಕ್ಕೆ ಹೋದಾಗ ಜಲಪಾತಕ್ಕೆ ಬೆನ್ನು ಹಾಕಿ ಪುಳಿಯೋಗರೆ ತಿನ್ನುತ್ತಿದ್ದ ನಮ್ಮ ಫೋಟೋವನ್ನೇ ಬೇರೆ ಪ್ರವಾಸಿಗಳು ತೆಗೆದುಕೊಂಡಿದ್ದರು. ಅಂಥವರು ಸಮುದ್ರ ದಾಟಿ ಡಬ್ಲಿನ್, ಎಡಿನ್‌ಬರೋ, ಲಂಡನ್ ನೋಡಲು ಹೊರಟರೆ ಏನೂ ಆಗದೆ ಇರುತ್ತದೆಯೇ?

ಕ್ಯಾಮೆರಾಕ್ಕೆ ಇನ್ನೂ ರೀಲು ತುಂಬುತ್ತಿದ್ದ ಕಾಲ ಅದು. ಶಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್‌ನಿಂದ ನಾನು, ನನ್ನ ಹೆಂಡತಿ, ಅಮೆರಿಕದಲ್ಲೇ ಹುಟ್ಟಿ ಆಗತಾನೇ ಕಾಲೇಜು ಸೇರಿದ್ದ ಮಗಳು. ಡೆಟ್ರಾಯಿಟ್ ಕಡೆಯಿಂದ ಟೈರ್ ಸಾಹೇಬರು ಮತ್ತು ಅವರ ಹೆಂಡತಿ. ಸಾಹೇಬರು ಬಿಜಾಪುರದವರು. ಮೊದಲು ನಮ್ಮ ಪಕ್ಕದ ಮನೆಯಲ್ಲಿದ್ದು, ಆಮೇಲೆ ಡೆಟ್ರಾಯಿಟ್‌ಗೆ ಹೋಗಿ ಟೈರಿನ ಅಂಗಡಿ ಇಟ್ಟವರು. ಅವರ ಹೆಂಡತಿಯನ್ನು ನಾವೆಲ್ಲ ಭಾಭಿ ಎನ್ನುತ್ತೇವೆ. ಸಾಹೇಬರ ಒಂದು ಗುಣವನ್ನು ಮೊದಲೇ ಹೇಳಿಬಿಡುತ್ತೇನೆ. ಕನ್ನಡದವರ ಯಾವ ಕಾರ್ಯಕ್ರಮವಿರಲಿ, ಎಲ್ಲರಿಗಿಂತ ಮುಂಚೆ ಬಂದು ತಮ್ಮ ಕೋಟು, ಟೋಪಿ, ಮಫ್ಲರು, ಕರವಸ್ತ್ರ ಹಾಸಿ ನಮಗೆಲ್ಲ ಸೀಟು ಹಿಡಿದಿಡುತ್ತಾರೆ. ಡಿಸೆಂಬರಿನಲ್ಲಿ ಬರೀ ಷರ್ಟಿನಲ್ಲಿ ನಡುಗುತ್ತಾ ನಿಂತರೂ ಸೀಟು ಮಾತ್ರ ಬಿಟ್ಟುಕೊಟ್ಟವರಲ್ಲ.

ಭಾಭಿಗೆ ಈ ಪ್ರವಾಸದಲ್ಲಿ ಬೇಕಾಗಿದ್ದದ್ದು ಅರಮನೆಯಲ್ಲ, ಕೋಟೆಯಲ್ಲ. ಎರಡು ಮಹಡಿ ಬಸ್ಸಿನ ಮೇಲಿನ ಮುಂದಿನ ಸೀಟು. ಚಿಕ್ಕಂದಿನಲ್ಲಿ ರಜೆಗೆ ಬೆಂಗಳೂರಿನ ನೆಂಟರ ಮನೆಗೆ ಹೋದಾಗ ಅಲ್ಲಿ ಅಂಥ ಬಸ್ಸುಗಳು ಓಡುತ್ತಿದ್ದವಂತೆ. ಅಣ್ಣತಮ್ಮಂದಿರು ಧಡಧಡ ಮೇಲೆ ಓಡುತ್ತಿದ್ದರು. ಇವರು ಮೆಟ್ಟಿಲ ಮೇಲೆ ಕಾಲಿಟ್ಟರೆ ಅಪ್ಪ ಜಡೆ ಹಿಡಿದು, “ಹೆಣ್ಮಕ್ಕಳು ಕೆಳಗ ಕುಂದರಬೇಕು. ಮ್ಯಾಲ ಹತ್ತಿದ್ರ ಬೀಳ್ತೀರಿ” ಎನ್ನುತ್ತಿದ್ದರು.

“ಅವರು ಇಳಿದು ಬಂದು ಗಿಡದ ತುದಿ ನೋಡಿದ್ವಿ, ಹಕ್ಕಿ ಗೂಡು ನೋಡಿದ್ವಿ ಅಂತಿದ್ರು ಅಣ್ಣಾ. ನಾ ಕೆಳಗ ಕುಂತು ಬರೇ ಮಂದಿ ಮೊಣಕಾಲು ನೋಡೀನಿ” ಎಂದು ಭಾಭಿ ವಿಮಾನದಲ್ಲಿ ನನಗೆ ಹೇಳಿದರು. ನಗುತ್ತಲೇ ಹೇಳಿದರು. ಆದರೆ ಕಣ್ಣು ನಗುತ್ತಿರಲಿಲ್ಲ.

“ಶಿಕಾಗೋದಲ್ಲೂ ಟೂರಿಸ್ಟುಗಳಿಗೆ ಅಂಥ ಬಸ್ಸಿದೆಯಲ್ಲ ಭಾಭಿ?” ಎಂದೆ.

“ಅದು ಡೂಪ್ಲಿಕೇಟ್. ಇಷ್ಟು ವರ್ಷ ಕಾದೀನಿ, ಹತ್ತಿದ್ರ ಒರಿಜಿನಲ್ ಹತ್ತಬೇಕು.”

ಪಕ್ಕದಲ್ಲಿದ್ದ ಸಾಹೇಬರು ಎದೆ ತಟ್ಟಿಕೊಂಡು, “ಸೀಟಿನ ಜವಾಬ್ದಾರಿ ನಂದು” ಎಂದು ಮಾತು ಕೊಟ್ಟರು.

ಐದು ನಿಮಿಷದ ದಾರಿ

ಡಬ್ಲಿನ್ ನನಗೆ ನೋಡಿದ ಕೂಡಲೇ ಹಿಡಿಸಿತು. ಸಾಲು ಮನೆಗಳೆಲ್ಲ ಒಂದೇ ಥರ, ಆದರೆ ಬಾಗಿಲು ಮಾತ್ರ ಒಂದು ಕೆಂಪು, ಒಂದು ಹಳದಿ, ಒಂದು ನೀಲಿ. ನನ್ನ ಹೆಂಡತಿ ಒಂದು ಇಡೀ ರೀಲನ್ನು ಬಾಗಿಲುಗಳಿಗೇ ಖರ್ಚು ಮಾಡಿದಳು. ಅಮೆರಿಕದ ನಮ್ಮ ಬಡಾವಣೆಯಲ್ಲಿ ಬಾಗಿಲಿಗೆ ಬೇರೆ ಬಣ್ಣ ಬಳಿದರೆ ಮರುದಿನವೇ ಮನೆ ಮಾಲೀಕರ ಅಸೋಸಿಯೇಷನ್ನಿನ ನೋಟಿಸು ಬರುತ್ತದೆ.

ಬಸ್ ಸ್ಟಾಪಿನಲ್ಲಿ ನಿಂತಿದ್ದ ಮುದುಕರೊಬ್ಬರನ್ನು ಸಾಹೇಬರು ಕೋಟೆಗೆ ಹೋಗುವ ಬಸ್ಸು ಯಾವುದೆಂದು ಕೇಳಿದರು. “ಬಸ್ಸು ಯಾಕೆ? ಐದು ನಿಮಿಷದ ದಾರಿ, ಬನ್ನಿ” ಎಂದು ಆತ ತಮ್ಮ ಬಸ್ಸನ್ನೂ ಬಿಟ್ಟು ನಮ್ಮ ಜೊತೆ ಹೊರಟೇಬಿಟ್ಟರು. ದಾರಿಯುದ್ದಕ್ಕೂ ಮಾತು. ಒಂದೊಂದು ಸೇತುವೆಗೂ ನಿಲ್ಲಿಸಿ ಒಂದೊಂದು ಕಥೆ. ನಾವು ಶಿಕಾಗೋದವರು ಎಂದದ್ದೇ ತಡ, “ನಮ್ಮ ಸೋದರತ್ತೆ ಮಗ ಅಲ್ಲೇ ಇದ್ದಾನೆ, ನಿಮಗೆ ಗೊತ್ತಿರಬೇಕಲ್ಲ?” ಎಂದರು. ಮೈಸೂರಿನ ನಮ್ಮ ಚಿಕ್ಕಮ್ಮ ಅಮೆರಿಕದಲ್ಲಿರುವ ಎಲ್ಲರ ಬಗ್ಗೆಯೂ ಕೇಳುವುದು ಇದನ್ನೇ. ನನಗೆ ಊರಿಗೆ ಹೋದಷ್ಟು ಸಂತೋಷವಾಯಿತು.

ಎರಡು ಮಹಡಿ ಬಸ್ಸುಗಳು ಒಂದರ ಹಿಂದೆ ಒಂದು ನಮ್ಮ ಪಕ್ಕದಲ್ಲೇ ಹೋಗುತ್ತಿದ್ದವು. ಎಲ್ಲದರಲ್ಲೂ ಮುಂದಿನ ಸೀಟು ಖಾಲಿ. ಭಾಭಿ ಪ್ರತಿ ಬಸ್ಸಿಗೂ ತಲೆ ಎತ್ತಿ ನೋಡುತ್ತಿದ್ದರು. ಅಷ್ಟು ಪ್ರೀತಿಯಿಂದ ಕರೆದುಕೊಂಡು ಹೋಗುತ್ತಿದ್ದವರನ್ನು ಬಿಟ್ಟು ಬಸ್ಸು ಹತ್ತುವುದು ಹೇಗೆ? ಐದು ನಿಮಿಷದ ದಾರಿಗೆ ಮಧ್ಯಾಹ್ನವೆಲ್ಲ ಬೇಕಾಯಿತು.

ಉಪಕಾರಕ್ಕೆ ಪ್ರತಿಯಾಗಿ ಏನಾದರೂ ಒಳ್ಳೆಯದು ಹೇಳಬೇಕೆನಿಸಿ, ಕೊನೆಯ ಸೇತುವೆಯ ಮೇಲೆ ನಾನು ಹೇಳಿದೆ: “ನಿಮ್ಮ ಐರಿಷ್ ಹಬ್ಬದ ದಿನ ಶಿಕಾಗೋದಲ್ಲಿ ನಮ್ಮ ನದಿಗೆಲ್ಲ ಹಸಿರು ಬಣ್ಣ ಹಾಕ್ತೀವಿ.”

ಮುದುಕರು ಮೊದಲ ಸಲ ಮಾತು ನಿಲ್ಲಿಸಿದರು. ತಮ್ಮ ನದಿಯನ್ನು ಬಗ್ಗಿ ನೋಡಿದರು. ನನ್ನನ್ನು ನೋಡಿದರು. “ಪಾಪ, ಅದೇನು ತಪ್ಪು ಮಾಡಿತ್ತು?”

ಇಪ್ಪತ್ತೆರಡು ಡಿಗ್ರಿ

ಎಡಿನ್‌ಬರೋದಲ್ಲಿ ಬೆಳಿಗ್ಗೆ ಹೋಟೆಲಿನ ಟೀವಿ ನೋಡಿದ ಮಗಳು ಕಿರುಚಿದಳು: “ಡ್ಯಾಡ್, ಇಟ್ಸ್ ಟ್ವೆಂಟಿಟೂ ಔಟ್‌ಸೈಡ್!”

ಇಪ್ಪತ್ತೆರಡು ಎಂದರೆ ಅಮೆರಿಕದ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೀರು ಕಲ್ಲಾಗುವ ಚಳಿ. ಅಲ್ಲಿಯವರು ಹೇಳುವುದು ಸೆಲ್ಸಿಯಸ್ ಎನ್ನುವುದು ಸೆಲ್ಸಿಯಸ್ಸಿನಲ್ಲೇ ಹುಟ್ಟಿ ಬೆಳೆದ ನಮ್ಮ ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೆಂಡತಿ ಮಾತ್ರ ಕಿಟಕಿ ನೋಡಿ, “ಬಿಸಿಲಿದೆಯಲ್ರೀ” ಎಂದಳು.

“ಶಿಕಾಗೋದಲ್ಲಿ ಜನವರಿಯಲ್ಲೂ ಬಿಸಿಲಿರುತ್ತೆ ಕಣೇ. ಅದನ್ನ ನಂಬಿ ಟೋಪಿ ಬಿಟ್ಟು ಹೋದವರ ಕಿವಿ ಏನಾಗುತ್ತೆ ಗೊತ್ತಲ್ಲ” ಎಂದೆ.

ಸ್ಕಾಟ್‌ಲೆಂಡಿನ ಚಳಿಗೆ ಹೆದರಿ ಕಟ್ಟಿಕೊಂಡು ಬಂದಿದ್ದ ದಪ್ಪ ಕೋಟುಗಳನ್ನು ಹಾಕಿಕೊಂಡು ಐವರೂ ಹೊರಬಿದ್ದೆವು. ಬೀದಿಗೆ ಬಂದೊಡನೆ ಬೆವರು ಕಿತ್ತುಕೊಂಡಿತು. ಕೋಟು ತೆಗೆಯೋಣ ಎನ್ನುವಷ್ಟರಲ್ಲಿ ಎರಡು ಮಹಡಿ ಬಸ್ಸು ಬಂತು. “ಹತ್ತ ಹತ್ತ, ಮ್ಯಾಲ ಖಾಲಿ ಐತಿ!” ಎಂದರು ಸಾಹೇಬರು. ಭಾಭಿ ಓಡಿದರು. ಬಸ್ಸಿನೊಳಗಿನ ಮೆಟ್ಟಿಲು ಇಕ್ಕಟ್ಟು, ಡೆಟ್ರಾಯಿಟ್ ಚಳಿಗಾಲದ ಕೋಟು ಅಗಲ. ನಡುದಾರಿಯಲ್ಲಿ ಭಾಭಿ ಸಿಕ್ಕಿಬಿದ್ದರು. ಮೇಲೆ ಹೋಗಲೂ ಇಲ್ಲ, ಕೆಳಗೆ ಬರಲೂ ಇಲ್ಲ. ಕೊನೆಗೆ ಡ್ರೈವರೇ ಎದ್ದು ಬಂದು, ಬಹಳ ಗೌರವದಿಂದ, ಬಾಟಲಿಯ ಬಿರಡೆ ಬಿಡಿಸುವ ಹಾಗೆ ಅವರನ್ನು ಹಿಂದಕ್ಕೆ ಬಿಡಿಸಿದ. ನಾಚಿಕೆಯಿಂದ ಮತ್ತೆ ಹತ್ತಲೊಲ್ಲದೆ ಆ ದಿನವೂ ಭಾಭಿ ಕೆಳಗೇ ಕೂತರು.

ಊರು ಮಾತ್ರ ಎಂಥ ಊರು! ಬಂಡೆಯ ಮೇಲೆ ಕೋಟೆ, ಕೆಳಗೆ ಹೊಗೆ ಹಿಡಿದ ಕಲ್ಲಿನ ಮನೆಗಳು. ಬಿಜಾಪುರದ ಗುಮ್ಮಟದ ನೆರಳಲ್ಲಿ ಬೆಳೆದ ಸಾಹೇಬರೇ ಬಾಯಿ ಬಿಟ್ಟುಕೊಂಡು ನಿಂತರು. ಮರುದಿನ ಟೀವಿಯಲ್ಲಿ ಹನ್ನೊಂದು ತೋರಿಸಿತು. ಸಾಹೇಬರು ಲೆಕ್ಕ ಹಾಕಿದರು: “ನಿನ್ನಿ ಇಪ್ಪತ್ತೆರಡಕ್ಕ ಬೆವರು ಇಳೀತು. ಇವತ್ತು ಅದರ ಅರ್ಧ. ಕೋಟು ಬ್ಯಾಡ.” ಮಳೆ, ಗಾಳಿ, ಚಳಿ ಮೂರೂ ಒಟ್ಟಿಗೆ ಬಂದವು. ನಡುಗುತ್ತಾ ಒಂದು ಶಾಲಿನ ಅಂಗಡಿಗೆ ನುಗ್ಗಿದೆವು. ಎಲ್ಲವೂ ಚೌಕಳಿಯ ಶಾಲುಗಳು. ಒಂದೊಂದು ಮನೆತನಕ್ಕೂ ಅಲ್ಲಿ ಒಂದೊಂದು ಚೌಕಳಿಯಂತೆ. “ತಮ್ಮದು ಯಾವ ಮನೆತನ?” ಎಂದು ಅಂಗಡಿಯವರು ಭಾಭಿಯನ್ನು ವಿನಯದಿಂದ ಕೇಳಿದರು.

ಭಾಭಿ ಗಂಡನ ಕಡೆ ತಿರುಗಿ, “ನಮ್ಮ ಕಡೆ ಚೌಕಳಿ ಅಂದ್ರ ಇಳಕಲ್ಲ ಸೀರಿ. ಇಳಕಲ್ಲ ಅಂತ ಹೇಳ್ರಿ” ಎಂದರು.

ಅಂಗಡಿಯವರು ಏಣಿ ಹತ್ತಿ ಮೇಲಿನ ಅಟ್ಟದವರೆಗೂ ಹುಡುಕಿ, ಇಳಿದು ಬಂದು ಹೇಳಿದರು: “ಕ್ಷಮಿಸಿ, ಇಳಕಲ್ ಮನೆತನದ್ದು ಎಲ್ಲಾ ಮಾರಾಟವಾಗಿಹೋಗಿದೆ.”

ಭಾಭಿ ಕೆಂಪು-ಹಸಿರಿನ ಒಂದು ದಪ್ಪ ಶಾಲು ಕೊಂಡರು.

ದಯಾಳು ಮಂದಿ

ಲಂಡನ್ನಿಗೆ ಕಾರಿನಲ್ಲೇ ಹೋಗೋಣ ಎಂದವರು ಸಾಹೇಬರು. “ಲೆಫ್ಟ್‌ನಾಗ ಗಾಡಿ ಹೊಡೆಯೋದು ನನಗೇನು ಹೊಸದಲ್ಲ, ಬಿಜಾಪುರದಾಗ ಕಲತಾಂವ ನಾ” ಎಂದು ಬಾಡಿಗೆ ಕಾರಿನ ಎಡಬಾಗಿಲು ತೆಗೆದು ಗಂಭೀರವಾಗಿ ಕೂತರು. ಎದುರಿಗೆ ಸ್ಟೀರಿಂಗ್ ಇರಲಿಲ್ಲ. ಅಮೆರಿಕದ ಅಭ್ಯಾಸ ಅಷ್ಟು ಸುಲಭವಾಗಿ ಬಿಡುತ್ತದೆಯೇ? ಆದರೂ ಸಾಹೇಬರು ಸೋಲಲಿಲ್ಲ. ಕರವಸ್ತ್ರ ತೆಗೆದು ಗಾಜು ಒರೆಸಿ, ಕೆಳಗಿಳಿದು, ನಾಲ್ಕೂ ಟೈರಿಗೆ ಒದ್ದು, “ಮಾಲು ಚಲೋ ಐತಿ” ಎಂದು, ಆ ಕಡೆಯಿಂದ ಹೋಗಿ ಬಲಗಡೆ ಕೂತರು.

ರಸ್ತೆಯಲ್ಲಿ ಸಿಗ್ನಲ್ ಇರಬೇಕಾದ ಕಡೆಗಳಲ್ಲೆಲ್ಲ ಒಂದು ದೊಡ್ಡ ವೃತ್ತ. ಅದರೊಳಗೆ ನುಗ್ಗಿದ ಸಾಹೇಬರಿಗೆ ಹೊರಗೆ ಬರುವುದು ತಿಳಿಯಲಿಲ್ಲ. ಸುತ್ತಿದರು, ಮತ್ತೆ ಸುತ್ತಿದರು. ಮಗಳು ಹಿಂದಿನಿಂದ, “ಅಂಕಲ್, ಯೂ ಮಿಸ್ಡ್ ಇಟ್ ಅಗೇನ್” ಎನ್ನುತ್ತಿದ್ದಳು. ನನ್ನ ಹೆಂಡತಿ ಕೈ ಜೋಡಿಸಿ, “ಪ್ರದಕ್ಷಿಣೆ ಸಾಕು, ಇನ್ನು ತೀರ್ಥ ಕೊಡಿಸಿ” ಎಂದಳು. ಸುತ್ತಲಿನ ಒಬ್ಬ ಡ್ರೈವರೂ ಹಾರನ್ ಹೊಡೆಯಲಿಲ್ಲ. ನಿಂತು ದಾರಿ ಬಿಟ್ಟರು, ಕೆಲವರು ಕೈಯನ್ನೂ ಬೀಸಿದರು.

ಸಾಹೇಬರಿಗೆ ಹೃದಯ ತುಂಬಿ ಬಂತು. “ನಮ್ಮಲ್ಲಿ ಒಂದು ಎಕ್ಸಿಟ್ ತಪ್ಪಿದ್ರ ಹತ್ತು ಮೈಲು ಹೋಗಿ ತಿರುಗಿ ಬರಬೇಕು. ಇವರು ಭಾಳ ದಯಾಳು ಮಂದಿರೀ. ತಪ್ಪಿದ ಎಕ್ಸಿಟ್ಟು ಮತ್ತ ಮತ್ತ ತಂದು ಕೊಡ್ತಾರ.”

ಶಾಲು ಹಾಕಿದ ಸೀಟು

ಲಂಡನ್ ಬಗ್ಗೆ ಏನು ಹೇಳಲಿ? ಕಾಸಿಲ್ಲದೆ ಒಳಗೆ ಬಿಡುವ ಮ್ಯೂಸಿಯಮ್ಮು, ಊರ ನಡುವೆ ಬೇಕಾದಷ್ಟು ಹಸಿರು, ಗಂಟೆ ಬಾರಿಸಿದರೆ ಎದೆಯೊಳಗೆ ಕೇಳಿಸುವ ಗಡಿಯಾರ. ಎಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ಅವರ ಕ್ಯೂ. ಅಲ್ಲಿ ಒಬ್ಬನೇ ನಿಂತಿದ್ದರೂ ಕ್ಯೂನಲ್ಲೇ ನಿಂತಿರುತ್ತಾನೆ.

ಆದರೆ ಆ ಕ್ಯೂನಿಂದಲೇ ಭಾಭಿಗೆ ಸೀಟು ಸಿಗಲಿಲ್ಲ. ಕೆಂಪು ಬಸ್ಸು ಬಂದಾಗೆಲ್ಲ ನಮಗಿಂತ ಮುಂದೆ ನಿಂತವರು ಮೇಲಿನ ಮುಂದಿನ ಸೀಟು ಹಿಡಿಯುತ್ತಿದ್ದರು. ಹೀಗೇ ಕೊನೆಯ ದಿನ ಬಂತು. ಸಂಜೆಗೆ ವಿಮಾನ. ಸಾಹೇಬರು ತಮಾಷೆ ಮಾಡಿದರೂ ಭಾಭಿ ನಗಲಿಲ್ಲ. ನನಗೇ ಸಂಕಟವಾಯಿತು. ಅಷ್ಟು ದೂರ ಬಂದು ಮತ್ತೆ ಮೊಣಕಾಲೇ ನೋಡಿ ಹೋಗುವುದೆಂದರೆ ಹೇಗೆ?

ಊರು ಸುತ್ತಿಸುವ, ಮೇಲೆ ಚಾವಣಿಯಿಲ್ಲದ ಕೆಂಪು ಬಸ್ಸೊಂದು ಬಂದು ನಿಂತಿತು. ಮೇಲಿನ ಮುಂದಿನ ಸೀಟಿನವರು ಇಳಿದು ಹೋದರು. ಸೀಟು ಖಾಲಿ! ಆದರೆ ನಮ್ಮ ಮುಂದೆ ಉದ್ದದ ಕ್ಯೂ. ಸಾಹೇಬರು ಒಮ್ಮೆ ಕ್ಯೂ ನೋಡಿದರು, ಒಮ್ಮೆ ಹೆಂಡತಿಯ ಮುಖ ನೋಡಿದರು. ಅವರೊಳಗಿನ ಬಿಜಾಪುರ ಬಸ್ ಸ್ಟ್ಯಾಂಡು ಎದ್ದು ನಿಂತಿತು. ಭಾಭಿಯ ಹೆಗಲಿನಿಂದ ಶಾಲು ಎಳೆದು, ಉಂಡೆ ಕಟ್ಟಿ, ಮೇಲಕ್ಕೆ ಎಸೆದೇಬಿಟ್ಟರು. ಶಾಲು ಗಾಳಿಯಲ್ಲಿ ಬಿಚ್ಚಿಕೊಂಡು, ಸರಿಯಾಗಿ ಆ ಸೀಟಿನ ಮೇಲೇ ಬಿತ್ತು.

“ಸೀಟು ಹಿಡದೆ!” ಎಂದು ಸಾಹೇಬರು ಕೂಗಿದರು. ಕ್ಯೂನವರೆಲ್ಲರೂ ಒಟ್ಟಿಗೆ ತಮ್ಮ ಬೂಟು ನೋಡಿಕೊಂಡರು. ಮಗಳು ನಮಗೆ ಪರಿಚಯವೇ ಇಲ್ಲದವಳಂತೆ ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತಳು.

ಕ್ಯೂ ಕರಗಿ ನಮ್ಮ ಸರದಿ ಬರುವಷ್ಟರಲ್ಲಿ ಬಾಗಿಲಲ್ಲಿದ್ದವನು ಕೈ ಅಡ್ಡ ಹಿಡಿದ. “ಭರ್ತಿಯಾಯಿತು. ಮುಂದಿನ ಬಸ್ಸಿಗೆ ಬನ್ನಿ.” ಸಾಹೇಬರು ಶಾಲು ತೋರಿಸಿ ಏನೋ ಹೇಳುವ ಮೊದಲೇ ಬಸ್ಸು ಹೊರಟುಹೋಯಿತು.

“ಸೀಟೂ ಹೋತು, ಶಾಲೂ ಹೋತು” ಎಂದರು ಭಾಭಿ. ಸಾಹೇಬರು ತಲೆ ತಗ್ಗಿಸಿ ನಿಂತರು. ಅಷ್ಟರಲ್ಲಿ ಆಚೆ ನಿಂತಿದ್ದ ಮಗಳೇ ಹತ್ತಿರ ಬಂದು, “ಆಂಟಿ, ಡೋಂಟ್ ವರಿ, ಇಟ್ಸ್ ಎ ಲೂಪ್” ಎಂದಳು. ಊರು ಸುತ್ತಿ ಬಸ್ಸು ಮತ್ತೆ ಅಲ್ಲಿಗೇ ಬರುತ್ತದಂತೆ.

ಕಾದೆವು. ಬೇರೆ ಬಸ್ಸು ಬಂದರೂ ಹತ್ತಲಿಲ್ಲ. ವಿಮಾನದ ಹೊತ್ತು ಹತ್ತಿರವಾಗುತ್ತಿತ್ತು. ನನ್ನ ಹೆಂಡತಿ ಮನಸ್ಸಿನಲ್ಲೇ ಚಾಮುಂಡಿಗೆ ಹರಕೆ ಹೊತ್ತಳು. ಕೊನೆಗೂ ಆ ಬಸ್ಸು ತಿರುವಿನಲ್ಲಿ ಕಾಣಿಸಿತು. ನಾವು ಐವರೂ ಒಟ್ಟಿಗೆ ತಲೆ ಎತ್ತಿದೆವು.

ಮೇಲೆ ಜನ ತುಂಬಿದ್ದರು. ಮುಂದಿನ ಸೀಟು ಮಾತ್ರ ಖಾಲಿ. ಅದರ ಮೇಲೆ ಶಾಲು, ಯಾರೋ ನೀಟಾಗಿ ಮಡಚಿಟ್ಟದ್ದು.

ಮೇಲಿನಿಂದ ಬಗ್ಗಿ ನೋಡಿದ ಗೈಡು, “ಈ ಶಾಲು ನಿಮ್ಮದೇ ಮೇಡಂ?” ಎಂದು ಕೇಳಿದ. ಭಾಭಿ ತಲೆಯಾಡಿಸಿದರು. “ಬೇಗ ಬನ್ನಿ. ಎಷ್ಟು ಜನ ಕೇಳಿದರು! ಇದು ರಿಸರ್ವ್ ಆಗಿದೆ ಅಂತ ಎಲ್ಲರಿಗೂ ಹೇಳಿ ಸಾಕಾಯಿತು.”

ಸಾಹೇಬರ ಎದೆ ಎರಡು ಇಂಚು ಮುಂದೆ ಬಂತು. “ಕಾನೂನು ಅಂದ್ರ ಇದು ನೋಡ್ರಿ. ನಮ್ಮೂರಾಗ ಟವೆಲ್ ಹಾಕಿದ್ರ ಅದನ್ನ ತಗದು ಒಗದು ಕುಂದರ್ತಾರ. ಇವರು ಊರೆಲ್ಲಾ ಸುತ್ತಿಸಿ ತಂದು ಕೊಟ್ರು!”

ಭಾಭಿ ಆಗಲೇ ಮೆಟ್ಟಿಲು ಹತ್ತುತ್ತಿದ್ದರು, ಕಂಬಿ ಹಿಡಿಯದೆ, ಎಲ್ಲಿಯೂ ನಿಲ್ಲದೆ. ನಾವು ಹಿಂದೆ ಹತ್ತಿದೆವು. ಅವರು ಮುಂದಿನ ಸೀಟಿನಲ್ಲಿ ಕೂತು, ಶಾಲು ಹೊದ್ದು, ಕೈಚಾಚಿದರೆ ಸಿಗುವಷ್ಟು ಹತ್ತಿರದ ಮರದ ತುದಿಯನ್ನು ನೋಡುತ್ತಿದ್ದರು. ಕಣ್ಣಲ್ಲಿ ನೀರಿತ್ತು. ಅದು ಇಬ್ಬರು ಕೂರುವ ಸೀಟು. ಸಾಹೇಬರು ಗೆದ್ದ ಖುಷಿಯಲ್ಲಿ, “ಆ ಕಡೆ ಸರೀ ಸ್ವಲ್ಪ” ಎಂದರು.

ಭಾಭಿ ಪಕ್ಕದ ಜಾಗದಲ್ಲಿ ತಮ್ಮ ಕೈಚೀಲ ಇಟ್ಟರು. “ಇದು ಹಿಡದಿಟ್ಟ ಸೀಟು. ಅಕ್ಕಾರು ಕುಂದರ್ತಾರ” ಎಂದು ನನ್ನ ಹೆಂಡತಿಯನ್ನು ಕೈ ಮಾಡಿ ಕರೆದರು. ಆಮೇಲೆ ಗಂಡನ ಕಡೆಗೂ ನನ್ನ ಕಡೆಗೂ ತಿರುಗಿ, ಅವರ ಅಪ್ಪನ ದನಿಯಲ್ಲೇ ಇರಬೇಕು, ಹೇಳಿದರು:

“ಗಂಡಸರು ಕೆಳಗ ಕುಂದರ್ರಿ. ಮ್ಯಾಲ ಹತ್ತಿದ್ರ ಬೀಳ್ತೀರಿ.”