ಆರು ಕ್ಯಾರವಾನ್‌ಗಳ ದಂಡನಾಯಕ

ಗಂಡ ದಾರಿ ತಪ್ಪಿದ್ದು ಹೆಂಡತಿಗೆ ಗೊತ್ತಾದರೆ ಅಂಥ ತೊಂದರೆಯೇನಿಲ್ಲ. ಅವಳಿಗೆ ಗೊತ್ತಾಗಿದೆ ಎಂದು ಇವನಿಗೂ ಗೊತ್ತಾಗಿ, ಆದರೂ ಗಾಡಿ ತಿರುಗಿಸದೆ ಇಬ್ಬರೂ ಮುಂದೆ ನೋಡುತ್ತಾ ಕೂರಬೇಕಲ್ಲ, ಆ ನರಕ ಮಾತ್ರ ಯಾವ ಶತ್ರುವಿಗೂ ಬೇಡ. ಅಂಥ ನರಕದಲ್ಲಿ ನಾನು ಮೂವತ್ತು ಕಿಲೋಮೀಟರ್ ಗಾಡಿ ಓಡಿಸಿದ್ದೇನೆ, ಹಿಂದೆ ಒಂದು ಕ್ಯಾರವಾನ್, ಅಂದರೆ ಗಾಲಿಯ ಮೇಲಿನ ಮನೆ, ಕಟ್ಟಿಕೊಂಡು.

ನಾನು ಮರ್ವಿನ್ ಟ್ರೆಜೈಸ್. ಅಡಿಲೇಡ್‌ನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರು (ದಯವಿಟ್ಟು ನಗಬೇಡಿ). ನಮ್ಮ ಕ್ಯಾರವಾನ್ ಸಂಘದವರು ಪ್ರತಿ ಚಳಿಗಾಲದಲ್ಲೂ ಸಾಲುಗಟ್ಟಿ ಫ್ಲಿಂಡರ್ಸ್ ಬೆಟ್ಟಗಳಿಗೆ ಹೋಗುತ್ತೇವೆ. ಒಂಬತ್ತು ವರ್ಷ ನಾನು ಸಾಲಿನ ಬಾಲದಲ್ಲಿ ಕೆಂಪು ಧೂಳು ಕುಡಿದಿದ್ದೆ. ಈ ವರ್ಷ ಹಳೆಯ ನಾಯಕರಿಗೆ ಮಂಡಿ ಆಪರೇಷನ್ ಆದದ್ದರಿಂದ ಹಂಗಾಮಿ ದಂಡನಾಯಕನ ಪಟ್ಟ ನನಗೆ ಬಂತು. ಬ್ಲಿನ್‌ಮನ್ ಊರಿನಾಚೆಯ ಬಿಡಾರಕ್ಕೆ ಹೊತ್ತು ಮುಳುಗುವ ಮೊದಲು ಎಲ್ಲರನ್ನೂ ಮುಟ್ಟಿಸಿದರೆ, ಆ ಸಂಜೆ ಎಲ್ಲರೂ ಕೈ ಎತ್ತಿ ಪಟ್ಟವನ್ನು ಕಾಯಂ ಮಾಡುತ್ತಾರೆ. ಮುಟ್ಟಿಸದಿದ್ದರೆ ಅದು ಲಿಂಡ್ಸೆ ಶಿರ್ಮರ್‌ನ ಪಾಲಿಗೆ. ಶಿರ್ಮರ್ ಎಂದರೆ ಸಾಲಿನ ಕೊನೆಯಲ್ಲಿದ್ದುಕೊಂಡೇ ಸಾಲಿನ ಮೊದಲಿಗೆ ಬುದ್ಧಿ ಹೇಳುವ ಆಸಾಮಿ.

ಬ್ಲಿನ್‌ಮನ್‌ನಲ್ಲಿ ನನ್ನ ಮುತ್ತಜ್ಜ ತಾಮ್ರದ ಗಣಿ ಅಗೆದವನು. "ಈ ದಾರಿ ನನ್ನ ರಕ್ತದಲ್ಲೇ ಇದೆ" ಎಂದು ಬೆಳಿಗ್ಗೆ ಎಲ್ಲರೆದುರು ಸಾರಿ, ನಕ್ಷೆಯನ್ನು ನನ್ನ ಹೆಂಡತಿ ನೋಲೀನ್‌ಳ ತೊಡೆಯ ಮೇಲೆ ಎಸೆದಿದ್ದೆ.

"ನಿನ್ನ ಮುತ್ತಜ್ಜ ಜೀವಮಾನವಿಡೀ ನೆಲದ ಕೆಳಗಿದ್ದ. ಮೇಲಿನ ದಾರಿ ಅವನಿಗೇನು ಗೊತ್ತು?" ಎಂದಳು ಅವಳು.

ಧೂಳು ಇಳಿಯಲೆಂದು ನಾವು ಗಾಡಿಗೂ ಗಾಡಿಗೂ ಒಂದು ಕಿಲೋಮೀಟರ್ ಅಂತರ ಬಿಡುತ್ತೇವೆ, ಮಾತುಕತೆಯೆಲ್ಲ ರೇಡಿಯೋದಲ್ಲಿ. ಮೈಕಿನ ಗುಂಡಿ ಒತ್ತಿದವನು ಮಾತಾಡುತ್ತಾನೆ, ಉಳಿದವರು ಕೇಳುತ್ತಾರೆ. ಮಧ್ಯಾಹ್ನ ಮಣ್ಣಿನ ರಸ್ತೆಗೆ ಇಳಿದು ಸ್ವಲ್ಪ ದೂರ ಹೋಗಿರಲಿಲ್ಲ, ಶಿರ್ಮರ್ ಬಾಯಿ ಹಾಕಿದ.

"ಮರ್ವ್, ನೀರಿನ ತೊಟ್ಟಿ ಹತ್ರ ಎಡಕ್ಕಲ್ವಾ ನಾವು ತಿರುಗ್ಬೇಕಾದ್ದು?"

"ನಾಯಕನಿಗೆ ಗೊತ್ತಿದೆ ಶಿರ್ಮರ್" ಎಂದವನೇ ಮೈಕನ್ನು ಸೀಟಿನ ಸಂದಿಗೆ ತುರುಕಿ, ಮೇಲೆ ಚಹಾದ ಫ್ಲಾಸ್ಕ್ ಜಡಿದೆ. ರೇಡಿಯೋ ತಕ್ಷಣ ತೆಪ್ಪಗಾಯಿತು. ಅಧಿಕಾರ ಅಂದರೆ ಇದು ಅಂದುಕೊಂಡೆ.

ನೋಲೀನ್ ನಕ್ಷೆ ಬಿಡಿಸಿದಳು. "ಅವನು ಹೇಳಿದ್ದು ಸರಿ. ತೊಟ್ಟಿ ಹತ್ರ ಎಡಕ್ಕೆ. ಆಮೇಲೆ ಕಬ್ಬಿಣದ ಗೇಟು, ಅದನ್ನ ದಾಟಿ ಬಲಕ್ಕೆ. ಹನ್ನೆರಡು ಕಿಲೋಮೀಟರ್ ಹೋದ್ರೆ ಹಳೇ ಗಣಿ ಚಿಮಣಿ, ಪಕ್ಕದಲ್ಲೇ ಬಿಡಾರ."

"ನೇರ ಹೋಗೋಣ."

"ಯಾಕೆ?"

"ಶಿರ್ಮರ್ ಎಡಕ್ಕೆ ಅಂದ್ನಲ್ಲ, ಅದಕ್ಕೆ."

ತೊಟ್ಟಿ ಬಂತು, ಹೋಯಿತು. "ದಾರಿ ತಪ್ಪಿದೆ ಅಂತ ಅವರಿಗೆ ಗೊತ್ತಾದ್ರೆ?" ಎಂದಳು.

"ಹೇಗೆ ಗೊತ್ತಾಗತ್ತೆ? ಕುರಿಗಳು. ಮುಂದಿನ ಗಾಡಿ ಹಳ್ಳಕ್ಕೆ ಬಿದ್ರೆ ಹಿಂದಿನದೂ ಬೀಳತ್ತೆ."

"ಬೆರಿಲ್ ಪಾಪ ನಿನಗೋಸ್ಕರ ಕೇಕ್ ಮಾಡ್ಕೊಂಡು ಬಂದಿದಾಳೆ." (ಬೆರಿಲ್ ನಮ್ಮ ಸಂಘದ ಕಾರ್ಯದರ್ಶಿ, ವಿಧವೆ, ನಮ್ಮ ಹಿಂದಿನ ಗಾಡಿಯವಳು.)

"ಆ ಕೇಕನ್ನ ಕ್ಯಾರವಾನ್ ಗಾಲಿಗೆ ಅಡ್ಡ ಇಡ್ಬಹುದು. ಚೆನ್ನಾಗಿದೆ ಅಂದಿದ್ದು ಬರೀ ಓಟಿಗೆ."

ನೋಲೀನ್‌ಗೆ ಸಿಟ್ಟು ಬಂದರೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಹೇಳುವ ಚಾಳಿ. "ಉಣ್ಣೆ ಕತ್ತರಿಸೋ ಮುರುಕಲು ಕೊಟ್ಟಿಗೆ ಬಂತು. ನಕ್ಷೆಯಲ್ಲಿಲ್ಲ. ಎರಡು ತಲೆ ಬಂಡೆ ಬಂತು. ಅದೂ ಇಲ್ಲ. ಈಗ ಕಮರಿಯೊಳಗೆ ಇಳೀತಿದೀವಿ. ಭೇಷ್."

ನಿಜಕ್ಕೂ ಇಳಿಯುತ್ತಿದ್ದೆವು. ಎರಡೂ ಕಡೆ ಕೆಂಪು ಬಂಡೆ ಎದ್ದು ನಿಂತಿತು. ರಸ್ತೆ ಕಿರಿದಾಗುತ್ತಾ ಹೋಗಿ ಕೊನೆಗೆ ಒಣ ಹಳ್ಳದ ಪಾತ್ರವೇ ರಸ್ತೆಯಾಯಿತು. ಏಳು ಮೀಟರ್ ಉದ್ದದ ಮನೆಯನ್ನು ಬೆನ್ನಿಗೆ ಕಟ್ಟಿಕೊಂಡವನು ಅಲ್ಲಿ ತಿರುಗುವುದೆಲ್ಲಿಗೆ? ಕನ್ನಡಿಯಲ್ಲಿ ಕದ್ದು ನೋಡಿದೆ. ಧೂಳಿನ ಸುಳಿವೇ ಇಲ್ಲ.

"ಹಿಂದೆ ಯಾರೂ ಇಲ್ಲ ಮರ್ವ್."

"ಅಂತರ ಕಾಪಾಡ್ತಿದಾರೆ."

"ಶಿರ್ಮರ್ ಇಷ್ಟು ಹೊತ್ತಿಂದ ಬಾಯಿ ಬಿಟ್ಟಿಲ್ಲ. ಅವನು ನಿದ್ದೆಯಲ್ಲೂ ಮಾತಾಡೋನು. ಏನೋ ಆಗಿದೆ."

"ಗೌರವ ಕಲಿತಿದಾನೆ."

ಬಾಯಲ್ಲಿ ಹಾಗೆಂದರೂ ಮತ್ತೆ ಮತ್ತೆ ಕನ್ನಡಿ ನೋಡಿದೆ. ಐದು ಗಾಡಿ ಎಲ್ಲಿ ಹೋದವು? ನನ್ನನ್ನು ನಂಬಿ ಬಂದವರು ಯಾವ ಕೊರಕಲಿಗೆ ಬಿದ್ದರು? ಅಷ್ಟರಲ್ಲಿ ಕ್ಯಾರವಾನಿನ ಎಡಗಾಲಿ ಜಲ್ಲಿಯೊಳಗೆ ಕುಸಿಯಿತು. ಆಕ್ಸಿಲರೇಟರ್ ಒತ್ತಿದೆ, ಇನ್ನಷ್ಟು ಕುಸಿಯಿತು. ಕೆಳಗಿಳಿದು ನೋಡಿದರೆ ಉತ್ತರದ ಬೆಟ್ಟದ ಮೇಲೆ ಕಪ್ಪು ಮೋಡ. ಇಲ್ಲಿಯ ಹಳ್ಳಗಳ ಬುದ್ಧಿ ನಮಗೆಲ್ಲ ಗೊತ್ತು: ಅಲ್ಲಿ ಮಳೆ, ಇಲ್ಲಿ ಬಿಸಿಲಲ್ಲೇ ಪ್ರವಾಹ. ಕಲ್ಲುಗಳ ನಡುವೆ ಒಣ ಎಲೆಗಳನ್ನು ತಳ್ಳಿಕೊಂಡು ಬೆರಳಗಲದ ಕೆಂಪು ನೀರು ಆಗಲೇ ನಮ್ಮ ಕಡೆ ಬರುತ್ತಿತ್ತು.

"ರೇಡಿಯೋದಲ್ಲಿ ಕರಿ" ಎಂದಳು ನೋಲೀನ್.

"ಕರೆದ್ರೆ ಸಂಜೆ ನನಗೆ ಕೈ ಎತ್ತೋರು ಯಾರೇ?"

ಬೆರಳಗಲದ ನೀರು ಗೇಣಗಲವಾಯಿತು. ನನ್ನ ಶೂ ಒದ್ದೆಯಾಯಿತು. ಒಂಬತ್ತು ವರ್ಷ ಕುಡಿದ ಧೂಳೆಲ್ಲ ಗಂಟಲಿಗೆ ಬಂತು.

"ನಂಗೆ ಹೆದರಿಕೆ ಆಗ್ತಿದೆ ಮರ್ವ್. ನಿಜವಾಗ್ಲೂ."

ಮದುವೆಯಾಗಿ ನಲವತ್ತೊಂದು ವರ್ಷದಲ್ಲಿ ಅವಳು ಹೆದರಿಸಿದ್ದನ್ನು ಕಂಡಿದ್ದೆನೇ ಹೊರತು ಹೆದರಿದ್ದನ್ನು ಕಂಡಿರಲಿಲ್ಲ. ಹಾಳಾಗಿ ಹೋಗಲಿ ಪಟ್ಟ ಎಂದು ಫ್ಲಾಸ್ಕ್ ಎತ್ತಿ ಮೈಕ್ ಎಳೆದುಕೊಂಡೆ.

ಅದೇ ಗಳಿಗೆಯಲ್ಲಿ ರೇಡಿಯೋಗೆ ಜೀವ ಬಂತು. ಶಿರ್ಮರ್‌ನ ದನಿ ಒಡೆದು ಹೋಗಿತ್ತು.

"ಗುಂಡಿ ಬಿಡೋ ಪುಣ್ಯಾತ್ಮ, ಗುಂಡಿ ಬಿಡು ಅಂತ ಎಷ್ಟು ಸಲ... ಹಾಂ, ಬಿಟ್ಯಾ? ಅಂತೂ ಬಿಟ್ಯಲ್ಲ ಮಾರಾಯ."

ನಾನು ಮೈಕನ್ನೂ ಫ್ಲಾಸ್ಕನ್ನೂ ನೋಡಿದೆ. ಫ್ಲಾಸ್ಕ್ ಇಷ್ಟು ಹೊತ್ತೂ ಮೈಕಿನ ಗುಂಡಿಯ ಮೇಲೆ ಕೂತಿತ್ತು. ನಮ್ಮ ಗಾಡಿ ಒಂದೇ ಸಮನೆ ಮಾತಾಡುತ್ತಿತ್ತು, ಹಾಗಾಗಿ ಯಾರ ಮಾತೂ ನಮಗೆ ಕೇಳಿಸಿರಲಿಲ್ಲ. ಅವರಿಗೆ ಮಾತ್ರ ಎಲ್ಲ ಕೇಳಿಸಿತ್ತು. ಕುರಿಗಳೂ, ಕೇಕೂ, ಓಟೂ.

"ನೀವೆಲ್ಲ ಎಲ್ಲಿದೀರಿ?" ಎಂದೆ.

"ಬಿಡಾರ ಸೇರಿ ಆಯ್ತು. ನೋಲೀನ್ ಹೇಳಿದ ಹಾಗೇ ಬಂದ್ವಿ, ತೊಟ್ಟಿ, ಗೇಟು, ಚಿಮಣಿ, ಒಂದೂ ತಪ್ಪಲಿಲ್ಲ. ನಾನು ಕ್ಯಾರವಾನ್ ಬಿಚ್ಚಿಟ್ಟು ನಿಮ್ಮನ್ನ ಹುಡುಕ್ಕೊಂಡು ಹೊರಟಿದೀನಿ. ಮುರುಕಲು ಕೊಟ್ಟಿಗೆ ದಾಟಿದ್ದಾಯ್ತು, ಎರಡು ತಲೆ ಬಂಡೆ ಕಾಣ್ತಿದೆ. ಹೆದರ್ಬೇಡ ನೋಲೀನ್."

ಹತ್ತು ನಿಮಿಷದಲ್ಲಿ ಬಂದ. ಹಗ್ಗ ಬಿಗಿದು ನಮ್ಮನ್ನು ಹಿಂದಕ್ಕೆ ದಡಕ್ಕೆಳೆದ. ನೀರು ಗಾಲಿ ಮುಳುಗಿಸುವಷ್ಟಾದದ್ದು ಆಮೇಲೆ. ಹೆಂಡತಿಯನ್ನು ಮಾತಿಗೆ ಮಾತಿಗೆ ಗದರಿದವನು ಅವಳ ಮಾತಿನಿಂದಲೇ ಬದುಕಿಕೊಂಡೆ. ಅವಳು ಹೇಳಿದ್ದನ್ನು ಕೇಳಿದ ಐದು ಗಾಡಿಯವರು ಬಿಡಾರ ಸೇರಿದರು. ಪಕ್ಕದಲ್ಲೇ ಕೂತಿದ್ದವನೊಬ್ಬ ಹಳ್ಳ ಸೇರಿದ.

ಸಂಜೆ ಸಭೆಯಲ್ಲಿ ಶಿರ್ಮರ್ ಎದ್ದು ನಿಂತ. ಅವನ ಹೆಸರಿಗೆ ಚಪ್ಪಾಳೆ ತಟ್ಟಲು ಕೈ ಸಿದ್ಧ ಮಾಡಿಕೊಂಡೆ. ಅವನು ಸೂಚಿಸಿದ್ದು ನೋಲೀನ್‌ಳ ಹೆಸರನ್ನು. ಬೆರಿಲ್ ಅನುಮೋದಿಸಿದಳು. ವಿರೋಧಿಸಲು ಯಾರಿದ್ದರು?

ಮಾರನೆಯ ಬೆಳಿಗ್ಗೆ ದಂಡನಾಯಕಿ ಬೆರಿಲ್‌ಳ ಗಾಡಿಯಲ್ಲಿ ಎಲ್ಲರಿಗಿಂತ ಮುಂದೆ ಹೊರಟಳು. ನಾನೊಬ್ಬನೇ ಸಾಲಿನ ಬಾಲದಲ್ಲಿ. ಕವಲು ದಾರಿಯಲ್ಲಿ ರೇಡಿಯೋ ಮಾತಾಡಿತು. "ಎಲ್ಲರೂ ಎಡಕ್ಕೆ." ನನ್ನ ರಕ್ತ ಬಲಕ್ಕೆ ಎನ್ನುತ್ತಿತ್ತು. ಎಡಕ್ಕೆ ತಿರುಗಿಸಿದೆ. ಕೊನೆಯ ಗಾಡಿಯವನು ವರದಿ ಒಪ್ಪಿಸುವುದು ಸಂಘದ ಪದ್ಧತಿ.

"ತಿರುಗಿದೆ ನೋಲೀನ್. ನೀನು ಹೇಳಿದ್ದೇ ಸರಿ" ಎಂದೆ, ಆದಷ್ಟು ಮೆಲ್ಲಗೆ.

"ಸರಿಯಾಗಿ ಕೇಳಿಸ್ಲಿಲ್ಲ. ಗುಂಡಿ ಒತ್ತಿ ಹಿಡಿದು ಇನ್ನೊಂದ್ಸಲ ಹೇಳು" ಎಂದಳು.